ಜಾಹೀರಾತು ಬಂತು, ಕಾಫಿ ತಾ

ನನ್ನ ದನಿ ಕೇಳದ ಮನೆ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಕೇಳದ ಮನೆ ಅಂತ ಒಂದಿದ್ದರೆ ಅದು ನನ್ನದೇ. ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಮುಚ್ಚುಮರೆ ಏನಿಲ್ಲ.

ನಾನು ವಾಸಂತಿ. ಹುಟ್ಟಿದ್ದು ನಂಜನಗೂಡು, ಇರುವುದು ಚೆನ್ನೈನ ವೆಸ್ಟ್ ಮಾಂಬಲಂ. ಟಿ.ವಿ. ಜಾಹೀರಾತುಗಳಿಗೆ ಕನ್ನಡದಲ್ಲಿ ದನಿ ಕೊಡುವುದು ನನ್ನ ಕೆಲಸ. ತೆರೆಯ ಮೇಲೆ ಯಾವಳೋ ಮುಂಬೈ ಹುಡುಗಿ ಬಾಯಿ ಆಡಿಸುತ್ತಾಳೆ, ಮಾತು ನನ್ನದು. ಇಂಗು, ಸೋಪು, ಸೊಳ್ಳೆಬತ್ತಿ, ಕೂದಲಿನ ಎಣ್ಣೆ, ಏನು ಹೇಳಿ, ಎಲ್ಲವನ್ನೂ ಮಾರಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಧವಳ್ ಅನ್ನುವ ಟಾಯ್ಲೆಟ್ ಕ್ಲೀನರಿನದು. ಅದರಲ್ಲಿ ಹೊಸ ಸೊಸೆಯೊಬ್ಬಳು ಸೆರಗು ಸಿಕ್ಕಿಸಿ, ಬ್ರಷ್ ಹಿಡಿದು ನಿಂತು, ಮೂಗು ಮುರಿಯುವ ಅತ್ತೆಯ ಕಡೆ ತಿರುಗಿ, "ನಮ್ಮ ಮನೆ ಟಾಯ್ಲೆಟ್ ತೊಳೆಯೋಕೆ ನಮಗ್ಯಾಕೆ ನಾಚಿಕೆ?" ಅನ್ನುತ್ತಾಳೆ. ಆ ಒಂದು ಮಾತನ್ನು ಮೈಸೂರಿನ ಮಕ್ಕಳು ಶಾಲೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರಂತೆ. ನನ್ನ ತಂಗಿ ಫೋನ್ ಮಾಡಿ ಹೇಳಿದ್ದಳು.

ಈ ಕೆಲಸ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕೋಡಂಬಾಕ್ಕಂನ ಒಂದು ಸ್ಟುಡಿಯೋದವರು ಕನ್ನಡ ಮಾತಾಡುವ ಹೆಂಗಸು ಬೇಕೆಂದು ನಮ್ಮ ಕನ್ನಡ ಸಂಘಕ್ಕೆ ಬಂದಿದ್ದರು. ಇಲ್ಲೇ ಹುಟ್ಟಿ ಬೆಳೆದವರ ಕನ್ನಡದಲ್ಲಿ ತಮಿಳಿನ ರಾಗ ಇಣುಕುತ್ತಿತ್ತು. ನನ್ನದು ಕಪಿಲೆಯ ನೀರು ಕುಡಿದು ಬೆಳೆದ ನಾಲಿಗೆ. ಒಂದೇ ಸಲಕ್ಕೆ ಓಕೆ ಆಯಿತು. ಗಾಜಿನ ಆಚೆ ಕೂತಿದ್ದ ಸಾಯಿ ಎಂಬ ರೆಕಾರ್ಡಿಂಗ್ ಹುಡುಗ ಹೆಬ್ಬೆರಳು ಎತ್ತಿ ತೋರಿಸಿದ. ಹೆಡ್‌ಫೋನಿನಲ್ಲಿ ನನ್ನ ದನಿಯನ್ನೇ ಕೇಳಿಕೊಂಡಾಗ, ಅಯ್ಯೋ, ಇಷ್ಟು ಚೆನ್ನಾಗಿದೆಯಲ್ಲ, ಇಷ್ಟು ವರ್ಷ ಇದನ್ನು ಬರೀ ಪಾಲಿನವನ ಜೊತೆ ಜಗಳಕ್ಕೆ ಖರ್ಚು ಮಾಡಿದೆನಲ್ಲ ಅನ್ನಿಸಿತು. ನಮ್ಮಲ್ಲಿ ಹಾಲಿನವನಿಗೂ ತಮಿಳಿನಲ್ಲೇ ಹೆಸರು.

ಮನೆಯಲ್ಲಿ ಮಾತ್ರ ಬೇರೆ ಕಥೆ. ನನ್ನ ಗಂಡ ತಿರುಮಲೇಶ ಬ್ಯಾಂಕಿನವರು, ರಾಯಪುರಂ ಶಾಖೆಯಲ್ಲಿ ಅಧಿಕಾರಿ. ಕೆಟ್ಟವರಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ. ಆದರೆ ಸಂಜೆ ಟಿ.ವಿ. ಮುಂದೆ ಕೂತರೆ ಅವರದೊಂದು ಪದ್ಧತಿ. ಕಾರ್ಯಕ್ರಮ ನಿಂತು ಜಾಹೀರಾತು ಶುರುವಾದ ತಕ್ಷಣ ಕತ್ತನ್ನು ಅಡುಗೆಮನೆ ಕಡೆ ತಿರುಗಿಸಿ, "ವಾಸಂತಿ, ಜಾಹೀರಾತು ಬಂತು, ಕಾಫಿ ತಾ" ಅನ್ನುತ್ತಾರೆ. ನಾನು ಅಲ್ಲೇ ಕೂತಿದ್ದರೂ ಎದ್ದು ಹೋಗಬೇಕು. ಕಾಫಿ ಆಗದಿದ್ದರೆ ನೀರು, ನೀರು ಆಗದಿದ್ದರೆ ಕೋಡುಬಳೆ. ಹೀಗಾಗಿ ನನ್ನ ದನಿ ನನ್ನ ಮನೆಯ ಹಾಲ್‌ನಲ್ಲಿ ಬರುವ ಹೊತ್ತಿಗೆ ನಾನು ಯಾವಾಗಲೂ ಒಲೆ ಮುಂದೆ. ಹಾಲು ಉಕ್ಕುವ ಸದ್ದು, ಫಿಲ್ಟರಿನ ಸದ್ದು, ಅದರ ನಡುವೆ ಎಲ್ಲೋ ನಾನು ನಾಚಿಕೆ ಯಾಕೆ ಎಂದು ಕೇಳುತ್ತಿರುತ್ತೇನೆ. ಕುರ್ಚಿಯಲ್ಲಿ ಕೂತು ನನ್ನದೊಂದು ಜಾಹೀರಾತನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದೇ ಇಲ್ಲ.

ಮೊದಮೊದಲು ಅವರಿಗೂ ಹೆಮ್ಮೆ ಇತ್ತು. ಇಂಗಿನ ಜಾಹೀರಾತು ಬಂದಾಗ ಅಕ್ಕಪಕ್ಕದವರಿಗೆಲ್ಲ ಹೇಳಿದ್ದರು. ಧವಳ್ ಬಂದ ಮೇಲೆ ಎಲ್ಲ ಕೆಟ್ಟಿತು. ಬ್ಯಾಂಕಿನಲ್ಲಿ ಭೋಜರಾಜ ಅಂತ ಇನ್ನೊಬ್ಬ ಕನ್ನಡದವನಿದ್ದಾನೆ. ಆ ಶಾಖೆಯಲ್ಲಿ ಕನ್ನಡ ಚಾನೆಲ್ ನೋಡುವ ಮನುಷ್ಯ ಅವನೊಬ್ಬನೇ, ಅವನಿಗೆ ಬಾಯಿಗೆ ಬೀಗವಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ, ಸಾರ್ ಅವರ ಮನೆಯವರು ಇಡೀ ಕರ್ನಾಟಕದ ಕಕ್ಕಸು ತೊಳೆಯುತ್ತಿದ್ದಾರೆ ಎಂದು ತಮಿಳಿನಲ್ಲಿ ಹೇಳಿದನಂತೆ. ಎಲ್ಲರೂ ನಕ್ಕರಂತೆ. ಇವರು ಆ ನಗುವನ್ನು ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ಅಂದಿನಿಂದ ಧವಳ್ ಬಂದರೆ ರಿಮೋಟಿನಲ್ಲಿ ದನಿ ಅಡಗಿಸತೊಡಗಿದರು. ಭೋಜರಾಜನ ಬಾಯಿ ಮುಚ್ಚಿಸಲಾರದವರು ನನ್ನ ಬಾಯಿ ಮುಚ್ಚಿಸಿದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ, ಇವರ ಕೋಪ ಹೆಂಡತಿಗೆ ಮೂಲ.

ಆಮೇಲೆ ಆ ಪೆಟ್ಟಿಗೆ ಬಂತು. ಎರಡು ಸಾವಿರದ ಒಂಬತ್ತನೇ ಇಸವಿ. ಮಾಳಿಗೆ ಮೇಲೆ ತಟ್ಟೆ ಆಂಟೆನಾ ಮೊದಲೇ ಇತ್ತು. ಅದಕ್ಕೆ ರೆಕಾರ್ಡ್ ಮಾಡುವ ಹೊಸ ಪೆಟ್ಟಿಗೆ ಹಾಕಿಸಿದರು. ಕಾರ್ಯಕ್ರಮ ತಾನೇ ಒಳಗೆ ಕೂಡಿಟ್ಟುಕೊಳ್ಳುತ್ತದೆ, ಬೇಕಾದಾಗ ನೋಡಬಹುದು, ಬೇಕಾದಲ್ಲಿ ನಿಲ್ಲಿಸಬಹುದು, ಜಾಹೀರಾತು ಬಂದರೆ ಗುಂಡಿ ಒತ್ತಿ ಓಡಿಸಬಹುದು. ಇದನ್ನು ನನಗೆ ವಿವರಿಸುವಾಗ ಅವರ ಮುಖ ನೋಡಬೇಕಿತ್ತು, ಲಾಟರಿ ಹೊಡೆದವರ ಹಾಗೆ. ನಾನು ಕೇಳಿದ್ದು ಒಂದೇ ಮಾತು, ನನ್ನನ್ನು ಓಡಿಸುವುದಕ್ಕೆ ಮಿಷನ್ ತಂದಿರೋ ಎಂದು. ಎಲ್ಲದಕ್ಕೂ ಅಡ್ಡ ಮಾತಾಡಬೇಡ ಅಂದರು. ಆದರೂ ಕಾಫಿ ಕೇಳುವುದು ತಪ್ಪಲಿಲ್ಲ. ಜಾಹೀರಾತು ಇಲ್ಲದಿದ್ದರೇನಂತೆ, ಈಗ ಪಾಜ್ ಗುಂಡಿ ಇದೆ. ನಡುವೆ ನಿಲ್ಲಿಸಿ, ನಿನಗೋಸ್ಕರ ಪಾಜ್ ಮಾಡಿದೀನಿ, ಹೋಗಿ ಮಾಡಿಕೊಂಡು ಬಾ ಅನ್ನುತ್ತಿದ್ದರು. ಎಂಥ ಉಪಕಾರ.

ಅದೇ ಹೊತ್ತಿಗೆ ನಮ್ಮ ಮಗಳು ಭಾವನಾಳಿಗೆ ಸಂಬಂಧ ಬಂತು. ಭಾವನಾ ವಿಮೆ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಇಲ್ಲೇ ಓದಿದವಳು, ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಹುಡುಗ ಅಭಿಲಾಷ್, ಒರಗಡದ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಅಪ್ಪ ನಂಜುಂಡ, ಅಮ್ಮ ಚಂದ್ರಮತಿ. ಮೈಸೂರಿನವರು, ಮಗನ ಜೊತೆ ಇರಲೆಂದು ಹೋದ ವರ್ಷವಷ್ಟೇ ವೇಳಚೇರಿಗೆ ಬಂದವರು. ಹುಡುಗ ಹುಡುಗಿ ಟಿ. ನಗರದಲ್ಲಿ ಒಂದು ಸಲ ಕಾಫಿಗೆ ಕೂತು ಮಾತಾಡಿದ್ದರು. ಹೇಗಿದ್ದಾನೆ ಎಂದು ಕೇಳಿದ್ದಕ್ಕೆ ಭಾವನಾ, "ಪರವಾಯಿಲ್ಲೆ ಮಾ" ಅಂದಳು. ಅವಳ ಬಾಯಲ್ಲಿ ಪರವಾಗಿಲ್ಲ ಅನ್ನುವುದು ದೊಡ್ಡ ಹೊಗಳಿಕೆ. ಹೇಳಿದ ಮೇಲೆ ಕನ್ನಡಿ ಮುಂದೆ ಸ್ವಲ್ಪ ಹೊತ್ತು ಜಾಸ್ತಿಯೇ ನಿಂತಿದ್ದಳು. ನನ್ನ ಮನಸ್ಸು ತುಂಬಿ ಬಂತು.

ಶುಕ್ರವಾರ ಸಂಜೆ ಮನೆಗೆ ಬರುತ್ತೇವೆ ಅಂದರು. ಅದರ ಜೊತೆ ಚಂದ್ರಮತಿಯವರ ಒಂದು ಕೋರಿಕೆ. ಅವರ ಬಾಡಿಗೆ ಮನೆಗೆ ಬರುವ ಕೇಬಲ್‌ನಲ್ಲಿ ಅವರಿಗೆ ಬೇಕಾದ ಕನ್ನಡ ಚಾನೆಲ್ ಇಲ್ಲವಂತೆ. ಮೈಸೂರಿನಲ್ಲಿ ನೋಡುತ್ತಿದ್ದ ಏಳು ಗಂಟೆಯ ಧಾರಾವಾಹಿ ತಪ್ಪಿ ತಿಂಗಳುಗಳಾಗಿವೆಯಂತೆ. ನಿಮ್ಮಲ್ಲಿ ತಟ್ಟೆ ಇದೆಯಂತಲ್ಲ, ನೋಡಿಕೊಂಡೇ ಮಾತಾಡೋಣ ಅಂದರು. ಹೆಣ್ಣು ನೋಡುವುದು, ಧಾರಾವಾಹಿ ನೋಡುವುದು, ಎರಡೂ ಒಂದೇ ಸಲ. ನನಗೆ ಆ ಹೆಂಗಸಿನ ಮೇಲೆ ಅಲ್ಲೇ ಸ್ವಲ್ಪ ಪ್ರೀತಿ ಹುಟ್ಟಿತು.

ಇವರು ಮಾತ್ರ ಬೆವರಿದರು. ಆ ಧಾರಾವಾಹಿಯ ಪ್ರಾಯೋಜಕರೇ ಧವಳ್. ಬ್ರೇಕ್ ಬಂದಾಗೆಲ್ಲ ಅದೇ ಸೊಸೆ, ಅದೇ ಬ್ರಷ್, ಅದೇ ನಾನು. ಬಂದರೆ ಬರಲಿ, ಅದಕ್ಕೇನೀಗ ಅಂದೆ. ಆಗ ಹೊರಗೆ ಬಂತು ನೋಡಿ ಒಳಗಿನ ಹುಳುಕು. ನಂಜುಂಡನವರು ಫೋನಿನಲ್ಲಿ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದಾಗ ಇವರು, ಏನಿಲ್ಲ, ಮನೆಯಲ್ಲೇ ಇರುತ್ತಾಳೆ ಅಂದುಬಿಟ್ಟಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿಲ್ಲವಾ ಎಂದು ನನಗೇ ತಿರುಗಿ ಕೇಳಿದರು. ಮಾಡಿ, ಆದರೆ ಆ ಸಾವಿರದಲ್ಲಿ ನನ್ನನ್ನು ಸೇರಿಸಬೇಡಿ ಅಂದೆ. ಮಗಳ ಮುಖ ನೋಡು, ಒಂದು ಸಂಜೆ ಸುಮ್ಮನಿರು ಅಂದರು. ಮಗಳ ಮುಖ ಅಂದದ್ದಕ್ಕೆ ಸುಮ್ಮನಾದೆ. ಒಂದು ಸಂಜೆ ತಾನೇ, ಆಗಲಿ ಅಂದುಕೊಂಡೆ.

ಅವರ ಉಪಾಯ ಇಷ್ಟೇ. ಏಳು ಗಂಟೆಗೆ ಟಿ.ವಿ. ಹಾಕದೆ ತಿಂಡಿ ಮಾತು ಅಂತ ಹೊತ್ತು ತಳ್ಳುವುದು. ಅಷ್ಟರಲ್ಲಿ ಪೆಟ್ಟಿಗೆ ಒಳಗಿಂದೊಳಗೆ ರೆಕಾರ್ಡ್ ಮಾಡಿಕೊಳ್ಳುತ್ತಿರುತ್ತದೆ. ಆಮೇಲೆ ಮೊದಲಿಂದ ಹಾಕಿ, ಬ್ರೇಕ್ ಬಂದಲ್ಲೆಲ್ಲ ಓಡಿಸಿಬಿಡುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಾರವಿಡೀ ಅಭ್ಯಾಸ ಮಾಡಿದರು. ಬ್ಯಾಂಕಿನ ಪ್ರಮೋಷನ್ ಪರೀಕ್ಷೆಗೂ ಅಷ್ಟು ಕಷ್ಟಪಟ್ಟಿರಲಿಲ್ಲ. ಗುಂಡಿಯಿಂದ ಬೆರಳು ತೆಗೆಯುವುದು ತುಸು ತಡವಾದರೆ ಧಾರಾವಾಹಿ ಮುಂದೆ ಹೋಗಿಬಿಡುತ್ತಿತ್ತು, ತುಸು ಬೇಗನಾದರೆ ನಾನು ಬಂದುಬಿಡುತ್ತಿದ್ದೆ.

ಶುಕ್ರವಾರ ಅವರು ಬಂದರು. ಚಂದ್ರಮತಿಯವರು ಭಾವನಾಳ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ನಂಜುಂಡನವರು ಬೋಂಡದ ಕಡೆ ಗಮನ ಕೊಟ್ಟರು. ಅಭಿಲಾಷ್ ಒಳ್ಳೆಯ ಹುಡುಗನ ಹಾಗೆ ನಗುತ್ತಾ ಕೂತಿದ್ದ. ಧಾರಾವಾಹಿಯನ್ನು ಯಾವಾಗ ಬೇಕಾದರೂ ಮೊದಲಿಂದ ನೋಡಬಹುದು ಎಂದು ಇವರು ಹೇಳಿದಾಗ ಚಂದ್ರಮತಿಯವರಿಗೆ ಭಾರಿ ಆಶ್ಚರ್ಯ. ಟಿ.ವಿ. ಹಾಕಿದರು. ಮೊದಲನೇ ಬ್ರೇಕ್ ಸರ್ರನೆ ಓಡಿತು, ಸೊಸೆ, ಬ್ರಷ್, ಎಲ್ಲ ಒಂದು ಬಣ್ಣದ ಗೆರೆಯಾಗಿ ಹೋಯಿತು. ನಾನು ಎದ್ದು ಅಡುಗೆಮನೆಗೆ ಹೋಗಿ ಕೇಸರಿಬಾತನ್ನು ತಟ್ಟೆಗಳಿಗೆ ಹಾಕುತ್ತಾ ನಿಂತೆ.

ಎರಡನೇ ಬ್ರೇಕಿನಲ್ಲಿ ಇವರ ಬೆರಳು ತಡವಾಯಿತು. ಜಾಹೀರಾತು ದಾಟಿ ಧಾರಾವಾಹಿಯೂ ಅರ್ಧ ದಾಟಿಹೋಯಿತು. ಬೀರು ತೆಗೆಯಲು ಹೋದ ನಾಯಕಿ ಆಗಲೇ ಅಳುತ್ತಾ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಚಂದ್ರಮತಿಯವರು ಬಿಡಲಿಲ್ಲ. ಬೀರುವಿನಲ್ಲಿ ಏನಿತ್ತು ಅಂತ ಗೊತ್ತಾಗದೆ ನನಗೆ ಕೇಸರಿಬಾತು ಇಳಿಯುವುದಿಲ್ಲ, ಹಿಂದಕ್ಕೆ ತಗೊಳ್ಳಿ ಅಂದರು. ಇವರು ಹಿಂದಕ್ಕೆ ಒತ್ತಿದರು. ಹಿಂದೆ ಹೋಗುವ ಅಭ್ಯಾಸವನ್ನು ಅವರು ಮಾಡಿರಲಿಲ್ಲ. ಬಿಟ್ಟ ಕಡೆ ಸರಿಯಾಗಿ ಧವಳ್ ಬಂದು ನಿಂತಿತು. ಹಾಲ್ ತುಂಬ ನನ್ನ ದನಿ.

"ನಮ್ಮ ಮನೆ ಟಾಯ್ಲೆಟ್ ತೊಳೆಯೋಕೆ..."

ಇವರು ಗಾಬರಿಯಲ್ಲಿ ಓಡಿಸುವ ಗುಂಡಿಯ ಬದಲು ಪಾಜ್ ಒತ್ತಿದರು. ನಾನು ತಟ್ಟೆ ಹಿಡಿದು ಹಾಲ್‌ಗೆ ಬಂದಾಗ ಕಂಡದ್ದು ಇದು. ತೆರೆಯ ಮೇಲೆ ಆ ಸೊಸೆ ಬಾಯಿ ತೆರೆದು ಹಾಗೇ ನಿಂತಿದ್ದಾಳೆ. ನನ್ನ ಗಂಡ ರಿಮೋಟನ್ನು ಇಲಿ ಹಿಡಿದ ಹಾಗೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಾರೆ. ಸುಮ್ಮನಿರು, ಸುಮ್ಮನಿರು ಅನ್ನುತ್ತಿವೆ ಕಣ್ಣು. ಅರ್ಧ ಮಾತು ಗಾಳಿಯಲ್ಲಿ ನಿಂತಿದೆ. ಅದು ನನ್ನ ಮಾತು. ಅರ್ಧಕ್ಕೆ ನಿಲ್ಲಿಸಿದ ನನ್ನ ಮಾತನ್ನು ನೋಡುತ್ತಾ ತಟ್ಟೆ ಹಿಡಿದು ನಿಲ್ಲಲು ನನ್ನಿಂದ ಆಗಲಿಲ್ಲ. ಸ್ಟುಡಿಯೋದಲ್ಲಿ ಹೇಳಿದ ಹಾಗೇ, ಅದೇ ಏರಿಳಿತದಲ್ಲಿ, ಉಳಿದದ್ದನ್ನು ನಾನೇ ಹೇಳಿದೆ.

"ನಮಗ್ಯಾಕೆ ನಾಚಿಕೆ?"

ಚಂದ್ರಮತಿಯವರು ತೆರೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ತೆರೆ ನೋಡಿದರು. ಇವರು ನಗುವ ಪ್ರಯತ್ನ ಮಾಡುತ್ತಾ, ಅವಳು ಹೀಗೇ, ತಮಾಷೆಗೆ ಟಿ.ವಿ.ಯವರ ಹಾಗೆ ಮಾತಾಡುತ್ತಾಳೆ ಅಂದರು. ತಮಾಷೆಯಲ್ಲ, ಅದು ನಾನೇ, ಅದೇ ನನ್ನ ಕೆಲಸ ಅಂದೆ. ಚಂದ್ರಮತಿಯವರ ಮುಖ ಅರಳಿತು. ಮೈಸೂರಿನಲ್ಲಿ ದಿನಾ ಕೇಳುತ್ತಿದ್ದ ದನಿ, ಇದೇ ಊರಿನಲ್ಲಿ, ಇದೇ ಮನೆಯಲ್ಲಿ ಇದೆಯಲ್ಲ ಎಂದು ನನ್ನ ಕೈಯನ್ನೇ ಹಿಡಿದುಕೊಂಡರು. ಆ ಗಳಿಗೆಯಲ್ಲಿ ನನಗೆ ಎಲ್ಲ ಸರಿಹೋಯಿತು ಅನ್ನಿಸಿತು. ಆಮೇಲೆ ಅವರಿಗೆ ನೆಂಟರ ನೆನಪಾಗಿರಬೇಕು. ಕೈ ಮೆಲ್ಲಗೆ ಸಡಿಲವಾಯಿತು.

"ದನಿ ಚೆನ್ನಾಗಿದೆ, ಇಲ್ಲ ಅನ್ನಲ್ಲ," ಅಂದರು. "ಆದ್ರೆ ನಮ್ಮ ಕಡೆ ಜನ ಜಾಸ್ತಿ. ಬೀಗಿತ್ತಿ ಕಕ್ಕಸಿನ ಅಡ್ವಟೈಸ್‌ಮೆಂಟಲ್ಲಿ ಮಾತಾಡ್ತಾರೆ ಅಂತ ಮದುವೆ ಮನೇಲಿ ಆಡ್ಕೊಂಡ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ? ಹುಡುಗಿ ನಮಗೆ ಒಪ್ಪಿಗೆ. ಇದೊಂದು ಬಿಟ್ಬಿಡಿ."

"ಬಿಡ್ತಾಳೆ ಬಿಡಿ," ಅಂದರು ನನ್ನ ಗಂಡ, ನನ್ನನ್ನು ಕೇಳದೆ. "ಅದೇನು ದೊಡ್ಡ ಕೆಲಸವಾ, ಟೈಮ್ ಪಾಸು."

ನಾನು ಭಾವನಾಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದಳು. ಹೂಂ ಅಂದರೆ ನನ್ನ ಮಗಳಿಗೆ ಅವಳು ಮೆಚ್ಚಿದ ಹುಡುಗ ಸಿಗುತ್ತಾನೆ. ಹೂಂ ಅನ್ನುವುದು ಎಷ್ಟು ಸುಲಭ, ಎಷ್ಟು ಹೆಂಗಸರು ಅಂದಿಲ್ಲ. ಆದರೆ ಮನೆಯಲ್ಲಿ ದನಿ ಅಡಗಿಸಿದ್ದರು, ಸಹಿಸಿದೆ. ಓಡಿಸಿದರು, ಸಹಿಸಿದೆ. ಈಗ ಅಳಿಸಿಬಿಡಿ ಅನ್ನುತ್ತಿದ್ದಾರೆ. ಸೋಮವಾರ ನನಗೆ ರೆಕಾರ್ಡಿಂಗ್ ಇತ್ತು. ಭಯವಾಯಿತು. ಕೈಯಲ್ಲಿನ ತಟ್ಟೆಯನ್ನು ಟೀಪಾಯಿ ಮೇಲಿಟ್ಟೆ.

"ಬಿಡಲ್ಲ," ಅಂದೆ. "ಚಂದ್ರಮತಿಯವರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮನೇಲಿ ಅದನ್ನ ಯಾರು ತೊಳೀತಾರೆ?"

"ನಾನೇ. ಇನ್ಯಾರು ತೊಳೀತಾರೆ ಈ ಊರಲ್ಲಿ?"

"ನೋಡಿ ಮತ್ತೆ. ನೀವು ದಿನಾ ಕೈಯಲ್ಲಿ ಮಾಡೋದನ್ನ ನಾನು ಬಾಯಲ್ಲಿ ಹೇಳಿದ್ರೆ ಮರ್ಯಾದೆ ಹೋಗುತ್ತಾ?"

ನಂಜುಂಡನವರು ಬೋಂಡ ಅಗಿಯುವುದನ್ನು ನಿಲ್ಲಿಸಿದರು. ಆಗ ಭಾವನಾ ತಲೆ ಎತ್ತಿದಳು. ನನ್ನ ಕಡೆಯಾಗಲಿ ಅಪ್ಪನ ಕಡೆಯಾಗಲಿ ನೋಡದೆ ನೇರ ಅಭಿಲಾಷನನ್ನು ಕೇಳಿದಳು, ನಿಮಗೇನನ್ನಿಸುತ್ತದೆ ಎಂದು. ಅಭಿಲಾಷ್ ಅಮ್ಮನನ್ನು ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ನಿಂತುಹೋದ ಟಿ.ವಿ.ಯನ್ನು ನೋಡಿದ. ಅವನು ಕೆಟ್ಟ ಹುಡುಗ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಅಮ್ಮ ಹೇಳಿದ ಹಾಗೆ ಅಂದ, ಅಷ್ಟೇ ಅಂದ.

ಭಾವನಾ ಎದ್ದು ಅಪ್ಪನ ಕೈಯಿಂದ ರಿಮೋಟ್ ತೆಗೆದುಕೊಂಡಳು. ಗುಂಡಿ ಒತ್ತಿದಳು. ಬಾಯಿ ತೆರೆದು ನಿಂತಿದ್ದ ಸೊಸೆಗೆ ಜೀವ ಬಂತು, ನನ್ನ ದನಿ ಉಳಿದ ಅರ್ಧವನ್ನು ಹಾಲ್‌ನ ಮೂಲೆಮೂಲೆಗೆ ಕೇಳಿಸಿತು. ಅದು ಮುಗಿಯುವವರೆಗೆ ಅವಳು ನಿಂತೇ ಇದ್ದಳು. ಆಮೇಲೆ, ನನಗೆ ಒಂದು ದಿನವೂ ಕನ್ನಡದಲ್ಲಿ ಉತ್ತರ ಕೊಡದವಳು, ತಡೆತಡೆದು, ಒಂದೊಂದೇ ಮಾತು ಹುಡುಕಿ ಕನ್ನಡದಲ್ಲೇ ಹೇಳಿದಳು.

"ನಮ್ಮಮ್ಮ ಬಿಡಲ್ಲ ಆಂಟಿ. ಬಿಡು ಅಂತ ನಾನೂ ಹೇಳಲ್ಲ. ಬಿಟ್ರೆ ತಾನೇ ಮದುವೆ ಅಂದ್ರೆ, ಈ ಮದುವೆ ನನಗೆ ಬೇಡ."

ಅವರು ಹೊರಟರು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ, ಅರಿಶಿನ ಕುಂಕುಮ ಕೊಟ್ಟು ಎಲೆ ಅಡಿಕೆ ಇಟ್ಟೆ. ಚಂದ್ರಮತಿಯವರು ಹಣೆ ಒಡ್ಡಿದರು, ನಾನು ಹಚ್ಚಿದೆ. ಹೊಸ್ತಿಲು ದಾಟುವಾಗ ತಿರುಗಿ ಮೆಲ್ಲಗೆ ಕೇಳಿದರು, ಬೀರುವಿನಲ್ಲಿ ಏನಿತ್ತು ಅಂತ ಗೊತ್ತಾದರೆ ಒಂದು ಫೋನ್ ಮಾಡ್ತೀರಾ ಎಂದು. ಮಾಡ್ತೀನಿ ಅಂದೆ. ಬೀರುವಿನಲ್ಲಿ ನಾಯಕಿಯ ಗಂಡನ ಹಳೆಯ ಕಾಗದಗಳಿದ್ದವು, ಮರುದಿನ ನೋಡಿ ಹೇಳಿದೆ. ಕೊಟ್ಟ ಮಾತು ಕೊಟ್ಟದ್ದೇ.

ಬಾಗಿಲು ಹಾಕಿದ ಮೇಲೆ ಇವರು ಸ್ಫೋಟಿಸಿದರು. ನಿನ್ನ ಬಾಯಿಚಪಲಕ್ಕೆ ಮಗಳ ಬಾಳು ಹಾಳು ಮಾಡಿದೆ ಅಂದರು. ಆ ಮಾತು ನಾಟಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಭಾವನಾ ಅಡ್ಡ ಬಂದಳು.

"ಪೋದುಂ ಪಾ," ಅಂದಳು, ಸಾಕು ನಿಲ್ಲಿಸಿ ಎಂದು. "ಅಮ್ಮ ಅಲ್ಲ, ಬೇಡ ಅಂದಿದ್ದು ನಾನು. ಅವನನ್ನೂ ಯಾರೋ ಪಾಜ್ ಮಾಡಿ ಇಟ್ಟಿದ್ದಾರೆ. ಗುಂಡಿ ಒತ್ತೋಕೆ ನಾನು ಜೀವಮಾನ ಪೂರ್ತಿ ಕಾಯ್ಲಾ?"

ಹಾಗಂದವಳು ಲೋಟ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ನಾನು ಪಕ್ಕದಲ್ಲಿ ನಿಂತು ತೊಳೆದ ಲೋಟ ಒರೆಸಿದೆ. ನನಗೂ ಅಳು ಬಂತು, ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ. ಅವಳೂ ತೆಗೆದುಕೋ ಅನ್ನಲಿಲ್ಲ.

ಸೋಮವಾರ ಸ್ಟುಡಿಯೋಗೆ ಹೋದೆ. ಧವಳ್‌ನದೇ ಎರಡನೇ ಜಾಹೀರಾತು. ಈ ಸಲ ಸೊಸೆ ಬ್ರಷ್ಷನ್ನು ಗಂಡನ ಕೈಗೆ ಕೊಟ್ಟು, "ಇವತ್ತು ನಿಮ್ಮ ಸರದಿ" ಅನ್ನುತ್ತಾಳೆ. ಯಾರು ಬರೆದರೋ ಪುಣ್ಯಾತ್ಮರು. ಸಾಯಿ ಗಾಜಿನ ಆಚೆಯಿಂದ, ಮೇಡಂ, ಇವತ್ತು ದನಿ ಸ್ವಲ್ಪ ಖಾರವಾಗಿದೆ, ಹಾಗೇ ಇರಲಿ ಅಂದ.

ಮನೆಯಲ್ಲಿ ಇವರು ವಾರಗಟ್ಟಲೆ ಬಿಗಿದುಕೊಂಡೇ ಇದ್ದರು. ಎಷ್ಟು ಬೇಕೋ ಅಷ್ಟೇ ಮಾತು, ಎಷ್ಟು ಬೇಕೋ ಅಷ್ಟೇ ಕಾಫಿ. ಬ್ಯಾಂಕಿನಲ್ಲಿ ಭೋಜರಾಜ ಮತ್ತೆ ಏನೋ ಅಂದನಂತೆ. ಅದಕ್ಕೆ ಇವರು, ಹೌದು, ಅವಳೇ, ನಿಮ್ಮ ಮನೆಯಲ್ಲಿ ಯಾರು ತೊಳೆಯುತ್ತಾರೆ ಎಂದು ಕೇಳಿದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ. ಭೋಜರಾಜನ ಹೆಂಡತಿ ಕನ್ನಡ ಸಂಘದಲ್ಲಿ ಸಿಕ್ಕಾಗ ಹೇಳಿದಳು. ನನ್ನ ಪ್ರಶ್ನೆಯನ್ನು ನನ್ನನ್ನು ಕೇಳದೆ ಎತ್ತಿಕೊಂಡಿದ್ದರು, ಇರಲಿ, ಅದಕ್ಕೆ ನಾನು ಜಗಳವಾಡಲಿಲ್ಲ.

ಹೊಸ ಜಾಹೀರಾತು ಬಂದ ದಿನ ಅವರು ಪೆಟ್ಟಿಗೆಯಲ್ಲಿ ಕೂಡಿಟ್ಟ ಧಾರಾವಾಹಿ ನೋಡುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಬ್ರೇಕ್ ಬಂತು, ನನ್ನ ದನಿ ಶುರುವಾಯಿತು. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಾಲ್‌ಗೆ ಬಂದೆ. ಅವರ ಹೆಬ್ಬೆರಳು ಆಗಲೇ ಓಡಿಸುವ ಗುಂಡಿಯ ಮೇಲಿತ್ತು. ನಾನು ಅವರ ಎದುರಿನ ಕುರ್ಚಿಯನ್ನು ಟಿ.ವಿ. ಕಡೆ ತಿರುಗಿಸಿ ಕೂತೆ.

"ಒತ್ತಿ, ನೋಡೋಣ," ಅಂದೆ.

ಅವರು ಒತ್ತಲಿಲ್ಲ. ಆದರೆ ಇಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆದುಕೊಂಡಿತು. "ವಾಸಂತಿ, ಜಾಹೀರಾತು ಬಂತು, ಕಾಫಿ..." ಅಂದವರು ಅಲ್ಲೇ ನಿಂತರು.

"ಇದು ಮುಗೀಲಿ," ಅಂದೆ, ತೆರೆಯಿಂದ ಕಣ್ಣು ತೆಗೆಯದೆ. "ಆಮೇಲೆ ನೀವೇ ಎದ್ದು ಮಾಡಿ. ನನಗೆ ಸಕ್ಕರೆ ಕಮ್ಮಿ."